ಚೀಟಿಯಲ್ಲಿಲ್ಲದ ಮಾತು

ಭದ್ರಾವತಿಯ ಓದುಗರೊಬ್ಬರು ಪತ್ರ ಬರೆದಿದ್ದಾರೆ. ನಿವೃತ್ತ ಶಾಲಾ ಮೇಷ್ಟರಂತೆ. ಅಕ್ಷರ ಮುತ್ತು ಪೋಣಿಸಿದ ಹಾಗಿದೆ. ಅವರ ಪ್ರಶ್ನೆ ಇಷ್ಟೇ: ‘ಕಾಗೆ ಕಾಲು ಗುಬ್ಬಿ ಕಾಲಿನಂಥ ಮಕ್ಕಳ ಅಕ್ಷರ ತಿದ್ದುತ್ತಲೇ ಆಯುಸ್ಸು ಕಳೆದ ನನಗೂ ಡಾಕ್ಟರ ಚೀಟಿ ಓದಲು ಬರುವುದಿಲ್ಲ. ಔಷಧಿ ಅಂಗಡಿಯವರಾದ ನೀವು ಮಾತ್ರ ಒಮ್ಮೆ ನೋಡಿ, ಬೆನ್ನು ತಿರುಗಿಸಿ, ಡಬ್ಬಿ ತೆಗೆದೇಬಿಡುತ್ತೀರಿ. ಇದು ವಿದ್ಯೆಯೋ, ಅಂದಾಜೋ?’

ಪ್ರಶ್ನೆ ಸ್ವಲ್ಪ ಚುಚ್ಚುವಂತಿದೆ. ಆದರೆ ನ್ಯಾಯವಾದದ್ದು. ಮೂವತ್ತೈದು ವರ್ಷ ಕೌಂಟರಿನ ಹಿಂದೆ ನಿಂತವನು ನಾನು. ಈಗ ಅಂಗಡಿ ತಮ್ಮನ ಮಗಳದ್ದು. ನಾನು ಮೂಲೆಯ ಕುರ್ಚಿಯಲ್ಲಿ ಪೇಪರು ಓದುತ್ತಾ ಕೂರುವವನು. ಆದ್ದರಿಂದ ನಿಜ ಹೇಳಲು ಅಡ್ಡಿಯಿಲ್ಲ. ಮೇಷ್ಟರೇ, ಅದು ಎರಡೂ ಹೌದು.

ದೂರದಲ್ಲಿ ಬರುವ ನೆಂಟನನ್ನು ನಾವು ಮುಖ ನೋಡಿ ಗುರುತಿಸುವುದಿಲ್ಲ, ನಡಿಗೆ ನೋಡಿ ಗುರುತಿಸುತ್ತೇವೆ. ಚೀಟಿ ಓದುವುದೂ ಹಾಗೇ. ಊರಿನ ಡಾಕ್ಟರುಗಳ ಕೈ ನಮಗೆ ಪರಿಚಿತ. ಇವರು ಮಾತ್ರೆಯ ಹೆಸರಿನ ಮೊದಲ ಮೂರು ಅಕ್ಷರ ಬರೆದು ಮಿಕ್ಕಿದ್ದಕ್ಕೆ ಬಾಲ ಎಳೆಯುತ್ತಾರೆ. ಅವರು ಎಲ್ಲ ಅಕ್ಷರಕ್ಕೂ ಒಂದೇ ಸೊನ್ನೆ ಸುತ್ತುತ್ತಾರೆ. ಚೀಟಿಯ ತಲೆಬರಹದಲ್ಲಿ ಮೂಳೆ ಡಾಕ್ಟರೆಂದಿದ್ದರೆ ಒಂದು ಊಹೆ, ಮಕ್ಕಳ ಡಾಕ್ಟರೆಂದಿದ್ದರೆ ಇನ್ನೊಂದು. ಎದುರಿಗೆ ನಿಂತವರ ವಯಸ್ಸು, ಕೈಯಲ್ಲಿರುವ ಎಕ್ಸ್‌ರೇ ಕವರು, ಕೆಮ್ಮು, ಎಲ್ಲವೂ ಅಕ್ಷರಗಳೇ. ಹೊಸದರಲ್ಲಿ ಇದು ನನಗೊಂದು ಹೆಮ್ಮೆಯಾಗಿತ್ತು. ಪಕ್ಕದ ಅಂಗಡಿಯವರು ತಲೆ ಕೆರೆದುಕೊಂಡು ಕಳಿಸಿದ ಚೀಟಿಯನ್ನು ನಾನು ಓದಿ ಕೊಟ್ಟಾಗ ಗಿರಾಕಿಯ ಮುಖದಲ್ಲಿ ಮೂಡುವ ಮೆಚ್ಚುಗೆ ಇದೆಯಲ್ಲ, ಅದು ಸಾಮಾನ್ಯದ್ದಲ್ಲ.

ಆದರೆ ಹೆಸರು ಓದುವುದು ಅರ್ಧ ಕೆಲಸ. ನಿಜವಾದ ಫಜೀತಿ ಇರುವುದು ಚೀಟಿಯಲ್ಲಿ ಬರೆದದ್ದರಲ್ಲಿ ಅಲ್ಲ, ಬರೆಯದೇ ಬಿಟ್ಟದ್ದರಲ್ಲಿ.

ಕಾನೂನೇನೋ ಸ್ಪಷ್ಟವಾಗಿದೆ. 1945ರ ಔಷಧ ಮತ್ತು ಪ್ರಸಾಧನ ಸಾಮಗ್ರಿ ನಿಯಮಗಳಲ್ಲಿ 65ನೆಯದು ಚೀಟಿ ಹೇಗಿರಬೇಕೆಂದು ಹೇಳುತ್ತದೆ. ಬರವಣಿಗೆಯಲ್ಲಿರಬೇಕು, ಸಹಿ ಮತ್ತು ತಾರೀಖು ಇರಬೇಕು, ರೋಗಿಯ ಹೆಸರು ವಿಳಾಸ ಇರಬೇಕು, ಒಟ್ಟು ಎಷ್ಟು ಔಷಧಿ ಕೊಡಬೇಕು, ಒಂದು ಸಲಕ್ಕೆ ಎಷ್ಟು ತೆಗೆದುಕೊಳ್ಳಬೇಕು ಎಂಬುದಿರಬೇಕು. ಇವಿಷ್ಟೂ ಇರುವ ಚೀಟಿ ಬಂದ ದಿನ ನಾವು ಅದಕ್ಕೆ ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಬೇಕು. ಸಾಮಾನ್ಯವಾಗಿ ಬರುವುದು ನಾಲ್ಕು ಹೆಸರು, ಒಂದು ಅಡ್ಡಗೆರೆ, ಒಂದು ಸಹಿ. ‘ಹೇಗೆ ತಗೋಬೇಕು ಅಂತ ಡಾಕ್ಟರು ಹೇಳಿದ್ರಾ?’ ಎಂದು ಕೇಳಿದರೆ, ‘ಹೇಳಿದ್ರು, ನೀವು ಹೇಳ್ತೀರಿ ಅಂತ ಸರಿಯಾಗಿ ಕೇಳಿಸ್ಕೊಳ್ಳಲಿಲ್ಲ’ ಎಂಬ ಉತ್ತರ. ಡಾಕ್ಟರು ನಮ್ಮ ಮೇಲೆ ಬಿಟ್ಟಿದ್ದಾರೆ, ರೋಗಿಯೂ ನಮ್ಮ ಮೇಲೆ ಬಿಟ್ಟಿದ್ದಾನೆ. ನಾವು ಯಾರ ಮೇಲೆ ಬಿಡೋಣ?

ಬರೆದಿದ್ದರೂ ಅದು ಲ್ಯಾಟಿನ್ ಭಾಷೆಯ ತುಂಡುಗಳಲ್ಲಿ. ದಿನಕ್ಕೊಮ್ಮೆ ಎಂಬುದಕ್ಕೆ ‘ಓಡಿ’, ಎರಡು ಸಲಕ್ಕೆ ‘ಬಿಡಿ’. ಕನ್ನಡದವರಿಗೆ ಇದಕ್ಕಿಂತ ದೊಡ್ಡ ತಮಾಷೆ ಬೇರೆ ಬೇಕೆ? ಹಳ್ಳಿಯ ಹಿರಿಯರೊಬ್ಬರು ಮೊಮ್ಮಗನ ಕೈಲಿ ಚೀಟಿ ಓದಿಸಿದರಂತೆ. ಅವನು ‘ಬಿಡಿ’ ಎಂದು ಓದಿದ, ಇವರು ಮಾತ್ರೆ ಬಿಟ್ಟರು. ನಗಬೇಡಿ, ರಕ್ತದೊತ್ತಡದ ಮಾತ್ರೆ ಅದು. ‘ಓಡಿ’ಯದು ಇನ್ನೊಂದು ಕಥೆ. ಕಣ್ಣಿನ ಡಾಕ್ಟರು ಅದನ್ನೇ ಬರೆದರೆ ಅರ್ಥ ‘ದಿನಕ್ಕೊಮ್ಮೆ’ ಅಲ್ಲ, ‘ಬಲಗಣ್ಣಿಗೆ’. ಕಣ್ಣಿನ ಹನಿಯ ಮುಂದೆ ಬರೀ ‘ಓಡಿ’ ಎಂದಿದ್ದರೆ ಬಲಗಣ್ಣಿಗೋ, ದಿನಕ್ಕೊಂದು ಸಲವೋ? ಹಾಗಾಗಿ ಈಗಿನ 1-0-1 ಪದ್ಧತಿ ಎಷ್ಟೋ ವಾಸಿ. ಬೆಳಗ್ಗೆ ಒಂದು, ಮಧ್ಯಾಹ್ನ ಇಲ್ಲ, ರಾತ್ರಿ ಒಂದು. ಅಂಕಿಗೆ ಭಾಷೆಯ ಹಂಗಿಲ್ಲ.

ಖಾಲಿ ಜಾಗವನ್ನು ನಾವು ತುಂಬುವುದು ಹೇಗೆ? ಮೊದಲ ಸುಳಿವು ಲೆಕ್ಕ. ಒಂದು ತಿಂಗಳಿಗೆ ನಾಲ್ಕೇ ಎಂದಿದ್ದರೆ ಅದು ವಾರಕ್ಕೊಂದು. ವಿಟಮಿನ್ ಡಿ 60,000 ಯೂನಿಟ್ಟಿನದು ಸಾಮಾನ್ಯವಾಗಿ ಹೀಗೆ ಬರುತ್ತದೆ. ಆ ಮಾತು ಹೇಳದೆ ಕೊಟ್ಟರೆ ಜನ ಅದನ್ನು ದಿನಾ ಹಾಲಿಗೆ ಬೆರೆಸಿ ಕುಡಿಯುತ್ತಾರೆ. ನಾಲ್ಕು ದಿನಕ್ಕೆ ಮುಗಿಯಿತೆಂದು ಮತ್ತೆ ಬರುತ್ತಾರೆ. ಎರಡನೆಯದು ಹಳೆಯ ಚೀಟಿ, ಹಳೆಯ ಸ್ಟ್ರಿಪ್ಪು. ಮೂರನೆಯದು ಕೇಳುವುದು. ಇದು ಸುಲಭವಲ್ಲ. ಹತ್ತು ಜನ ನಿಂತಿರುವಾಗ ಒಬ್ಬ ಹೆಣ್ಣುಮಗಳನ್ನು ‘ನಿಮಗೇನು ತೊಂದರೆ?’ ಎಂದು ಕೇಳಿದರೆ ಆಕೆ ಚೀಟಿ ಕಿತ್ತುಕೊಂಡು ಹೋಗುತ್ತಾಳೆ. ‘ಇದು ಯಾತಕ್ಕೆ ಅಂತ ಡಾಕ್ಟರು ಹೇಳಿದರಮ್ಮ?’ ಎಂದು ಕೌಂಟರಿನ ಕೊನೆಗೆ ಕರೆದು, ದನಿ ತಗ್ಗಿಸಿ ಕೇಳಬೇಕು.

ಕೆಲವು ಕಡೆ ನಾವು ತುಂಬಿಯೇ ತುಂಬುತ್ತೇವೆ, ತುಂಬಲೇಬೇಕು. ಭೇದಿಗೆ ಕೊಡುವ ಓಆರ್‌ಎಸ್ ಪುಡಿಗೆ ಡಾಕ್ಟರು ಏನೂ ಬರೆದಿರುವುದಿಲ್ಲ. ದೊಡ್ಡ ಪ್ಯಾಕೆಟ್ಟು ಒಂದು ಲೀಟರು ನೀರಿಗೆ, ಚಿಕ್ಕದು 200 ಮಿಲಿಲೀಟರಿಗೆ. ದೊಡ್ಡದನ್ನು ಒಂದು ಲೋಟಕ್ಕೆ ಸುರಿದರೆ ಮಗುವಿಗೆ ಉಪಕಾರಕ್ಕಿಂತ ಅಪಕಾರವೇ ಹೆಚ್ಚು. ದಮ್ಮಿನವರು ಸೇದಬೇಕಾದ ಕ್ಯಾಪ್ಸೂಲನ್ನು ನೀರಿನ ಜತೆ ನುಂಗಿದ್ದು ನಾನು ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ. ಕ್ಯಾಪ್ಸೂಲ್ ಎಂದಮೇಲೆ ನುಂಗುವುದೇ ಅಲ್ಲವೆ, ಅವರದೇನು ತಪ್ಪು? ಮಕ್ಕಳ ಜ್ವರದ ಪ್ಯಾರಸಿಟಮಾಲ್ ಇನ್ನೂ ಮೋಸದ್ದು. ಸಿರಪ್ಪಿನ ಒಂದು ಚಮಚೆಯಲ್ಲಿ, ಅಂದರೆ 5 ಮಿಲಿಲೀಟರಿನಲ್ಲಿ, 125 ಅಥವಾ 250 ಮಿಲಿಗ್ರಾಂ ಇರುತ್ತದೆ. ಹನಿಹನಿಯಾಗಿ ಹಾಕುವ ಡ್ರಾಪ್ಸಿನಲ್ಲಿ ಒಂದೇ ಮಿಲಿಲೀಟರಿಗೆ 100 ಮಿಲಿಗ್ರಾಂ. ಚೀಟಿಯಲ್ಲಿ ‘5 ಮಿಲಿ’ ಎಂದಷ್ಟೇ ಇದ್ದು, ಅಂಗಡಿಯವನು ಡ್ರಾಪ್ಸು ಕೊಟ್ಟನೆನ್ನಿ. ಕೂಸಿನ ಹೊಟ್ಟೆಗೆ ಹೋಗುವುದು 500 ಮಿಲಿಗ್ರಾಂ, ದೊಡ್ಡವರು ನುಂಗುವ ಒಂದು ಇಡೀ ಮಾತ್ರೆ.

ಇಲ್ಲೆಲ್ಲ ಅನುಭವ ನಮ್ಮ ಕೈ ಹಿಡಿಯುತ್ತದೆ. ಆದರೆ ಕೆಲವು ಖಾಲಿ ಜಾಗಗಳಿವೆ, ಅಲ್ಲಿ ಉತ್ತರ ಗೊತ್ತಿದ್ದರೂ ನಾವು ತುಂಬುವಂತಿಲ್ಲ. ಅಂಥದೊಂದನ್ನು ಹೇಳುತ್ತೇನೆ. ಅದರಲ್ಲಿ ನನ್ನದೇ ತಪ್ಪಿದೆ.

1996ರ ಮಳೆಗಾಲ. ಶಿವಮೊಗ್ಗದ ಬಸ್ ಸ್ಟ್ಯಾಂಡಿನಿಂದ ನಮ್ಮ ಅಂಗಡಿಗೆ ಐದು ನಿಮಿಷದ ನಡಿಗೆ. ಸಂಜೆ ಹೊತ್ತು, ಹೊಸನಗರದ ಕಡೆಯ ಹಳ್ಳಿಯೊಂದಕ್ಕೆ ಹೋಗುವ ಕೊನೆಯ ಬಸ್ಸು ಹೊರಡಲು ಇನ್ನೇನು ಅರ್ಧ ಗಂಟೆ. ನಲವತ್ತರ ಆಸುಪಾಸಿನ ಒಬ್ಬಾತ, ಜತೆಗೆ ಅರವತ್ತು ದಾಟಿದ ತಾಯಿ. ಆಕೆಯ ಬೆರಳ ಗೆಣ್ಣುಗಳೆಲ್ಲ ಊದಿ, ಕೊಡೆ ಹಿಡಿಯಲೂ ಆಗದೆ ಅದನ್ನು ಕಂಕುಳಲ್ಲಿ ಇರುಕಿಕೊಂಡಿದ್ದರು. ಬೆಂಗಳೂರಿಗೆ ಹೋಗಿ ದೊಡ್ಡ ಡಾಕ್ಟರಿಗೆ ತೋರಿಸಿ ಬಂದಿದ್ದರು. ಚೀಟಿ ಅಂಗಿಯ ಜೇಬಿನಲ್ಲಿ ನೆನೆದು ಮಡಿಕೆಯಲ್ಲಿ ಶಾಯಿ ಹರಡಿತ್ತು. ಐದು ಸಾಲು. ನಾಲ್ಕನೆಯದು ಮೆಥೋಟ್ರೆಕ್ಸೇಟ್, 2.5 ಮಿಲಿಗ್ರಾಂ. ಅದರ ಮುಂದೆ ‘3’ ಎಂಬ ಅಂಕಿ. ಆಮೇಲೆ ಏನೂ ಇಲ್ಲ. ಬರೆದಿದ್ದು ಅಳಿಸಿತ್ತೋ, ಬರೆದೇ ಇರಲಿಲ್ಲವೋ, ಇವತ್ತಿಗೂ ನನಗೆ ಗೊತ್ತಿಲ್ಲ.

ಈ ಮಾತ್ರೆಯ ವಿಷಯ ಸ್ವಲ್ಪ ಹೇಳಬೇಕು. ಇದು ಮೊದಲು ಬಂದದ್ದು ಕ್ಯಾನ್ಸರಿಗೆ. ಆಮೇಲೆ ಕಡಿಮೆ ಪ್ರಮಾಣದಲ್ಲಿ ಕೊಟ್ಟರೆ ರುಮಟಾಯ್ಡ್ ಸಂಧಿವಾತಕ್ಕೂ ಒಳ್ಳೆಯದೆಂದು ತಿಳಿಯಿತು. ಗೆಣ್ಣು ಸೊಟ್ಟಗಾಗುವುದನ್ನು ತಡೆಯುವ ಔಷಧಿಗಳಲ್ಲಿ ಇವತ್ತಿಗೂ ಇದೇ ಮುಂಚೂಣಿಯದು. ಆದರೆ ಒಂದು ಷರತ್ತು. ಸಂಧಿವಾತಕ್ಕೆ ಇದನ್ನು ಕೊಡುವುದು ವಾರಕ್ಕೆ ಒಂದೇ ದಿನ. 2.5ರ ಮೂರು ಮಾತ್ರೆ, ಅಂದರೆ ಏಳೂವರೆ ಮಿಲಿಗ್ರಾಂ, ವಾರದ ಒಂದು ದಿನ. ಉಳಿದ ಆರು ದಿನ ಅದನ್ನು ಮುಟ್ಟುವಂತಿಲ್ಲ. ಅದೇ ಮೂರನ್ನು ದಿನಾ ನುಂಗುತ್ತಾ ಹೋದರೆ ಬಾಯಿ ತುಂಬ ಹುಣ್ಣಾಗುತ್ತದೆ, ಮಜ್ಜೆಯಲ್ಲಿ ರಕ್ತಕಣ ಹುಟ್ಟುವುದು ನಿಲ್ಲುತ್ತದೆ, ಸಣ್ಣ ಸೋಂಕಿಗೂ ಶರೀರ ಸೋಲುತ್ತದೆ. ಜೀವ ಹೋದ ಉದಾಹರಣೆಗಳು ಬೇರೆ ಬೇರೆ ದೇಶಗಳಲ್ಲಿ ದಾಖಲಾಗಿವೆ.

ನನಗೆ ತೊಂಬತ್ತು ಪಾಲು ಗೊತ್ತಿತ್ತು, ಇದು ವಾರದ ಲೆಕ್ಕವೇ ಎಂದು. ಆದರೆ ಉಳಿದ ಹತ್ತು ಪಾಲನ್ನು ನಾನು ನನ್ನ ಪೆನ್ನಿನಿಂದ ಬರೆಯುವಂತಿಲ್ಲ. ಪಕ್ಕದ ಎಸ್‌ಟಿಡಿ ಬೂತಿಗೆ ಓಡಿದೆ. ಚೀಟಿಯ ಮೇಲಿದ್ದ ಬೆಂಗಳೂರಿನ ನಂಬರು ಟ್ರಿಣ್ ಟ್ರಿಣ್ ಎಂದಿತೇ ಹೊರತು ಯಾರೂ ಎತ್ತಲಿಲ್ಲ. ವಾಪಸು ಬಂದು ಹೇಳಿದೆ:

‘ನಾಲ್ಕು ಔಷಧಿ ಕೊಡ್ತೇನೆ. ಇದೊಂದು ಇವತ್ತು ಬೇಡ. ನಾಳೆ ಡಾಕ್ಟರನ್ನ ಕೇಳಿ ಕೊಡ್ತೇನೆ.’

‘ನಾಳೆ ಮತ್ತೆ ಬರೋದು ಅಂದ್ರೆ ಒಂದು ದಿನದ ಕೆಲಸ ಹೋಯ್ತು ಮಾರಾಯ್ರೆ. ಮೂರು ಅಂತ ಬರ್ದಿದಾರಲ್ಲ?’

‘ಸರಿಯಾಗಿ ಕಾಣ್ತಾ ಇಲ್ಲ.’

‘ಓದಕ್ಕೆ ಬರಲ್ಲ ಅಂತ ಹೇಳಿ ಮತ್ತೆ’ ಎಂದವನೇ ನಾಲ್ಕು ಔಷಧಿಯ ದುಡ್ಡು ಎಣಿಸಿಟ್ಟು, ಚೀಟಿ ತೆಗೆದುಕೊಂಡು ತಾಯಿಯ ತೋಳು ಹಿಡಿದು ನಡೆದುಬಿಟ್ಟ.

ನಾನು ಯಾಕೆ ಬಾಯಿ ಬಿಟ್ಟು ಹೇಳಲಿಲ್ಲ? ಒಂದು, ನನಗೆ ಸಿಟ್ಟು ಬಂದಿತ್ತು. ಓದುವುದರಲ್ಲಿ ಊರಿಗೇ ಹೆಸರಾದವನಿಗೆ ಓದಕ್ಕೆ ಬರಲ್ಲ ಎಂದರೆ? ಇನ್ನೊಂದು, ನಮಗೆ ಕಲಿಸಿದ ಪಾಠ. ಭಾರತೀಯ ಫಾರ್ಮಸಿ ಕೌನ್ಸಿಲ್ ರೂಪಿಸಿದ ನೀತಿಸಂಹಿತೆಯೊಂದಿದೆ. ಡಿಪ್ಲೊಮಾ ಓದುವಾಗ ಅದನ್ನು ಉರು ಹೊಡೆದಿದ್ದೆವು. ಚೀಟಿ ಕೈಗೆ ಬಂದಾಗ ಅದರ ಗುಣದೋಷದ ಬಗ್ಗೆ ಮಾತಾಡಬಾರದು, ಮುಖದಲ್ಲಿ ಗಾಬರಿಯನ್ನಾಗಲೀ ಆಶ್ಚರ್ಯವನ್ನಾಗಲೀ ತೋರಿಸಬಾರದು. ಏನಾದರೂ ಬಿಟ್ಟುಹೋಗಿದ್ದರೆ, ಪ್ರಮಾಣ ಹೆಚ್ಚಾಗಿದ್ದರೆ, ಬರೆದ ಡಾಕ್ಟರಿಗೇ ತಿರುಗಿ ಕಳಿಸಬೇಕು, ಆದರೆ ಅವರ ಹೆಸರಿಗೆ ಕುಂದು ಬಾರದಂತೆ. ಪರೀಕ್ಷೆಯಲ್ಲಿ ಈ ಪ್ರಶ್ನೆಗೆ ನನಗೆ ಒಳ್ಳೆಯ ಅಂಕ ಬಂದಿತ್ತು. ಆ ಸಂಜೆಯೂ ಅದನ್ನೇ ಮಾಡಿದೆ. ಕಲ್ಲಿನಂಥ ಮುಖ ಇಟ್ಟುಕೊಂಡು ‘ನಾಳೆ ಬನ್ನಿ’ ಎಂದೆ. ಸಾಲದ್ದಕ್ಕೆ ಹಿಂದೆ ಎಂಟು ಜನ ನಿಂತಿದ್ದರು.

ಒಂದು ಗಂಟೆ ಕಳೆದಿರಬೇಕು. ಚಹಾ ಕುಡಿಯಲು ಹೋಗಿದ್ದ ನಮ್ಮ ಅಂಗಡಿಯ ಹುಡುಗ ಬಂದು ಹೇಳಿದ: ‘ಆ ಅಜ್ಜಿ ಮಾತ್ರೆ ಆಚೆ ಬೀದೀಲಿ ತಗೊಂಡ್ರು. ಕವರ್ ಮೇಲೆ 1-1-1 ಅಂತ ಬರೆದುಕೊಟ್ಟಿದ್ದಾರೆ.’ ಮೂರು ಎಂದರೆ ಬೆಳಗ್ಗೆ, ಮಧ್ಯಾಹ್ನ, ರಾತ್ರಿ. ಆ ಅಂಗಡಿಯವನಿಗೆ ಅದು ಸಹಜವಾಗಿಯೇ ತೋಚಿದೆ. ಫಾರ್ಮಸಿಸ್ಟಿನ ಲೈಸೆನ್ಸು ಗೋಡೆಯ ಮೇಲೆ, ಕೌಂಟರಿನಲ್ಲಿ ಯಾರೋ ಹುಡುಗ. ಅಂಥ ಅಂಗಡಿಗಳು ಆಗಲೂ ಇದ್ದವು, ಈಗಲೂ ಇವೆ. 1948ರ ಫಾರ್ಮಸಿ ಕಾಯ್ದೆಯ 42ನೇ ಸೆಕ್ಷನ್ ಇದನ್ನು ಒಪ್ಪುವುದಿಲ್ಲ ಎಂಬುದು ಬೇರೆ ಮಾತು.

ಬಸ್ ಸ್ಟ್ಯಾಂಡಿಗೆ ಓಡಿದೆ. ಬಸ್ಸು ಹೋಗಿತ್ತು. ಬಿಲ್ಲಿನ ಪುಸ್ತಕದಲ್ಲಿ ಹೆಸರು, ಊರು ಬರೆದುಕೊಂಡಿದ್ದೆನಲ್ಲ, ಅದೊಂದೇ ಪುಣ್ಯ. ಆ ರಾತ್ರಿ ಕೂತು ದಪ್ಪ ಅಕ್ಷರದಲ್ಲಿ ಬರೆದೆ: ‘ಚಿಕ್ಕ ಹಳದಿ ಮಾತ್ರೆ ಇನ್ನು ಒಂದೂ ತೆಗೆದುಕೊಳ್ಳಬೇಡಿ. ದಿನಾ ತೆಗೆದುಕೊಂಡರೆ ಜೀವಕ್ಕೆ ಅಪಾಯ. ಡಾಕ್ಟರನ್ನು ಕೇಳಿ ನಾನೇ ತಿಳಿಸುತ್ತೇನೆ.’ ಬೆಳಗ್ಗೆ ಆರಕ್ಕೆ ಹೊರಡುವ ಮೊದಲ ಬಸ್ಸಿನ ಕಂಡಕ್ಟರ ಕೈಗೆ ಅದನ್ನು ಕೊಟ್ಟೆ. ಮಲೆನಾಡಿನಲ್ಲಿ ಕಂಡಕ್ಟರೆಂದರೆ ಅಂಚೆಯಣ್ಣನೂ ಹೌದು. ಪತ್ರಿಕೆ, ಹೂವು, ಮದುವೆಯ ಕರೆಯೋಲೆ, ಮಿಕ್ಸಿಯ ಜಾರು ಎಲ್ಲವೂ ಅವರ ಕೈಯಲ್ಲೇ ಊರು ಸೇರುತ್ತಿದ್ದುದು. ಹತ್ತು ಗಂಟೆಗೆ ಡಾಕ್ಟರು ಫೋನಿಗೆ ಸಿಕ್ಕರು. ‘ವಾರಕ್ಕೊಂದು ಸಲ ಅಂತ ಬರೆದಿದ್ದೆನಲ್ಲ!’ ಎಂದರು. ಇರಬಹುದು. ವಿಷಯ ಕೇಳಿ ಒಂದು ಕ್ಷಣ ಸುಮ್ಮನಾದರು. ‘ಈ ವಾರ ಇನ್ನು ಬೇಡ. ಮುಂದಿನ ವಾರದಿಂದ ಒಂದು ದಿನ ಗೊತ್ತು ಮಾಡಿಕೊಳ್ಳಲಿ’ ಎಂದರು. ಆ ಚೀಟಿಯೂ ಮಧ್ಯಾಹ್ನದ ಬಸ್ಸಿನಲ್ಲಿ ಹೋಯಿತು.

ಮೊದಲ ಚೀಟಿ ತಲುಪುವಷ್ಟರಲ್ಲಿ ಎರಡು ಮಾತ್ರೆ ಹೊಟ್ಟೆ ಸೇರಿತ್ತು. ಎರಡರಿಂದ ಏನೂ ಆಗಲಿಲ್ಲ.

ಹತ್ತು ಹದಿನೈದು ದಿನದ ಮೇಲೆ ಆಕೆಯೇ ಬಂದರು. ಮಗ ಹೊರಗೆ ನಿಂತಿದ್ದ, ಒಳಗೆ ಬರಲಿಲ್ಲ. ಥ್ಯಾಂಕ್ಸ್ ಹೇಳಲು ಬಂದಿದ್ದಾರೆಂದು ನಾನು ಮನಸ್ಸಿನಲ್ಲೇ ಸಿದ್ಧನಾಗುತ್ತಿದ್ದೆ. ಆಕೆ ಹೇಳಿದ್ದು ಬೇರೆ: ‘ಅವ ಸಿಟ್ಟಿನವ, ಬಿಡು ತಮ್ಮಾ. ನೀನಾದ್ರೂ ಅವತ್ತೇ ಹೇಳಬಹುದಿತ್ತಲ್ಲ, ಇದು ಜೀವಕ್ಕೆ ಕುತ್ತು ಅಂತ? ಹೇಳಿದ್ರೆ ಬಸ್ ಸ್ಟ್ಯಾಂಡಲ್ಲೇ ಮಲಗಿ ಬೆಳಿಗ್ಗೆ ಕೇಳ್ಕೊಂಡು ಹೋಗ್ತಿದ್ವಿ. ಚೀಟೀಲಿ ಬರೆಯಕ್ಕೆ ಆಗೋದು ಬಾಯಲ್ಲಿ ಹೇಳಕ್ಕೆ ಆಗ್ಲಿಲ್ವಾ?’

ನನ್ನ ಹತ್ತಿರ ಉತ್ತರವಿರಲಿಲ್ಲ. ಆ ಅಂಗಡಿಯ ಹುಡುಗ ತಪ್ಪು ಬರೆದ, ಸರಿ. ಆದರೆ ಅವನ ಬಾಗಿಲಿಗೆ ಅವರನ್ನು ಕಳಿಸಿದ್ದು ನಾನೇ ಅಲ್ಲವೆ?

ಅಲ್ಲಿಂದ ಮುಂದೆ ನಾನು ಮಾತು ಬದಲಿಸಿದೆ. ‘ಈ ಮಾತ್ರೆ ಕೆಲವರಿಗೆ ದಿನಾ ಕೊಡ್ತಾರೆ, ಕೆಲವರಿಗೆ ವಾರಕ್ಕೊಂದು ಸಲ. ಅದಲುಬದಲಾದರೆ ರಕ್ತಕ್ಕೆ ದೊಡ್ಡ ತೊಂದರೆ. ನಿಮಗೆ ಯಾವುದು ಅಂತ ಇಲ್ಲಿ ಕಾಣ್ತಾ ಇಲ್ಲ. ಅದಕ್ಕೇ ಕೇಳಬೇಕು.’ ಇಷ್ಟು ಹೇಳಲು ಒಂದು ನಿಮಿಷವೂ ಬೇಡ. ಡಾಕ್ಟರ ಮಾನವೂ ಹೋಗುವುದಿಲ್ಲ, ನಮ್ಮದೂ. ಈ ಮಾತು ಕೇಳಿದ ಮೇಲೂ ಬೇರೆ ಅಂಗಡಿಗೆ ಹೋದವರು ಕೆಲವರಿದ್ದಾರೆ, ಬಹಳ ಜನ ಇಲ್ಲ. ಕೇಳಿದ ಮೇಲೆ ಚೀಟಿಯ ಬೆನ್ನಿಗೆ ಬರೆಯುವ ಅಭ್ಯಾಸವನ್ನೂ ಮಾಡಿಕೊಂಡೆ: ಯಾರನ್ನು ಕೇಳಿದೆ, ಎಷ್ಟು ಹೊತ್ತಿಗೆ, ಏನೆಂದರು. ಡಾಕ್ಟರೇ ಸಿಗದಿದ್ದರೆ? ಹಳೆಯ ರೋಗಿ, ಹಳೆಯ ಮಾತ್ರೆ, ಹಳೆಯ ಸ್ಟ್ರಿಪ್ಪು ಕೈಯಲ್ಲಿದ್ದರೆ ಎರಡು ದಿನಕ್ಕಾಗುವಷ್ಟು ಕೊಟ್ಟು ಕಳಿಸುತ್ತಿದ್ದೆ. ಬಿ.ಪಿ. ಮಾತ್ರೆಯನ್ನು ನಿಲ್ಲಿಸುವುದೂ ಅಪಾಯವೇ. ಹೊಸದಾಗಿದ್ದು, ಘಾಟಿಯ ಔಷಧಿಯಾಗಿದ್ದರೆ ಮಾತ್ರ ಇಲ್ಲ ಎಂದರೆ ಇಲ್ಲ.

ಸುಮ್ಮನೆ ಓದಿ ಕೊಟ್ಟರೆ ನಮ್ಮ ಹೊಣೆ ಮುಗಿಯಿತು ಎನ್ನುವವರಿಗೆ ಅಮೆರಿಕದ ಒಂದು ಮೊಕದ್ದಮೆ ನೆನಪಿಸಬೇಕು. ಟೆಕ್ಸಾಸಿನ ಒಡೆಸ್ಸಾ ಊರು, 1995. ಎದೆನೋವಿಗೆಂದು ಡಾಕ್ಟರು ಐಸಾರ್ಡಿಲ್ 20 ಮಿಲಿಗ್ರಾಂ, ಆರು ಗಂಟೆಗೊಮ್ಮೆ ಎಂದು ಬರೆದರು. ಅಕ್ಷರ ನೋಡಿದ ಫಾರ್ಮಸಿಸ್ಟ್ ಪ್ಲೆಂಡಿಲ್ ಎಂದು ಓದಿಕೊಂಡು ಅದನ್ನೇ ಕೊಟ್ಟ. ಅದು ಬಿ.ಪಿ. ಮಾತ್ರೆ, ದಿನಕ್ಕೆ 10 ಮಿಲಿಗ್ರಾಂ ದಾಟುವಂತಿಲ್ಲ. ಇಲ್ಲಿ ಹೋದದ್ದು 80. ರೋಗಿ ಉಳಿಯಲಿಲ್ಲ. 1999ರಲ್ಲಿ ಜ್ಯೂರಿಯು ನಾಲ್ಕೂವರೆ ಲಕ್ಷ ಡಾಲರು ಪರಿಹಾರವನ್ನು ಡಾಕ್ಟರ ತಲೆಗಷ್ಟೇ ಕಟ್ಟಲಿಲ್ಲ, ಫಾರ್ಮಸಿಸ್ಟನಿಗೂ ಪಾಲು ಹಾಕಿತು. ಅಕ್ಷರ ಮೋಸ ಮಾಡಿರಬಹುದು. ಎಂಟು ಪಟ್ಟು ಎಂಬ ಅಂಕಿಯೇ ಕೂಗಿ ಹೇಳುತ್ತಿತ್ತಲ್ಲ, ಒಂದು ಫೋನು ಮಾಡು ಎಂದು.

ನಮ್ಮಲ್ಲೂ ಕಾನೂನು ಸುಮ್ಮನೆ ಕೂತಿಲ್ಲ. ಔಷಧಿಯ ಮೂಲ ಹೆಸರನ್ನು ಓದಲು ಬರುವಂತೆ, ಆದಷ್ಟೂ ದೊಡ್ಡ ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯಬೇಕೆಂದು ಆಗಿನ ವೈದ್ಯಕೀಯ ಮಂಡಳಿ 2016ರಲ್ಲಿ ವೈದ್ಯರ ನಿಯಮಕ್ಕೆ ತಿದ್ದುಪಡಿ ತಂದಿತು. 2015ರ ಫಾರ್ಮಸಿ ಪ್ರಾಕ್ಟೀಸ್ ನಿಯಮಗಳು ರೋಗಿಗೆ ತಿಳಿಹೇಳುವುದನ್ನೂ ಫಾರ್ಮಸಿಸ್ಟನ ಕೆಲಸವೆಂದವು. ಓದಲಾಗುವ ಚೀಟಿ ರೋಗಿಯ ಮೂಲಭೂತ ಹಕ್ಕು ಎಂದು ಪಂಜಾಬ್ ಮತ್ತು ಹರಿಯಾಣ ಹೈಕೋರ್ಟು 2025ರಲ್ಲಿ ಹೇಳಿತು. ಕಂಪ್ಯೂಟರಿನ ಚೀಟಿಗಳೂ ಬಂದಿವೆ. ಅಕ್ಷರ ದುಂಡಗಿರುತ್ತದೆ, ನಿಜ. ಆದರೆ ಮೊನ್ನೆ ಬಂದ ಒಂದರಲ್ಲಿ ಮೈಕೈ ನೋವಿಗೆ ಹಚ್ಚುವ ಮುಲಾಮಿನ ಮುಂದೆ ‘1-0-1, ಊಟದ ನಂತರ’ ಎಂದಿತ್ತು.

ನಮ್ಮ ಹುಡುಗಿ ಬೂತಿಗೆ ಓಡಬೇಕಾಗಿಲ್ಲ. ಚೀಟಿಯ ಫೋಟೋ ತೆಗೆದು ವಾಟ್ಸ್ಯಾಪಿನಲ್ಲಿ ಡಾಕ್ಟರಿಗೆ ಕಳಿಸುತ್ತಾಳೆ. ಕಳೆದ ವಾರ ‘ಸರ್, ಇದು ದಿನಕ್ಕೆ ಒಂದೋ ಎರಡೋ?’ ಎಂದು ಕೇಳಿದ್ದಳು. ಉತ್ತರವಾಗಿ ಬಂದದ್ದು ಒಂದು ಹೆಬ್ಬೆಟ್ಟು. ಅಷ್ಟು ಓದಿದವರೂ ಕೊನೆಗೆ ಹೆಬ್ಬೆಟ್ಟು ಒತ್ತುವುದೇ ಆಯಿತಲ್ಲ ಎಂದು ನಾನು ನಕ್ಕೆ. ಅವಳು ನಗಲಿಲ್ಲ. ಫೋನು ಮಾಡಿ, ಎರಡು ಎಂದು ಕೇಳಿಕೊಂಡು, ಕಾಯುತ್ತಿದ್ದವರಿಗೆ ಯಾಕೆ ತಡವಾಯಿತೆಂದು ಹೇಳಿಯೇ ಕೊಟ್ಟಳು.

ಹೊಸನಗರದ ಕಡೆಯ ಆ ತಾಯಿ ಆಮೇಲೂ ಬಹಳ ವರ್ಷ ನಮ್ಮ ಅಂಗಡಿಗೇ ಬರುತ್ತಿದ್ದರು. ಗೆಣ್ಣಿನ ಬಾವು ಇಳಿದು, ಕೊಡೆಯನ್ನು ಕೈಯಲ್ಲೇ ಹಿಡಿದು ಬರುವಂತಾಗಿದ್ದರು. ಮಾತ್ರೆಗೆ ಅವರು ಭಾನುವಾರವನ್ನು ಗೊತ್ತು ಮಾಡಿಕೊಂಡಿದ್ದರು. ಆ ಉದ್ದನೆಯ ಇಂಗ್ಲಿಷ್ ಹೆಸರು ಅವರ ನಾಲಿಗೆಗೆ ಕೊನೆಯವರೆಗೂ ಹತ್ತಲಿಲ್ಲ. ಚೀಟಿ ಚಾಚುವ ಮೊದಲೇ ‘ಭಾನುವಾರದ ಮಾತ್ರೆ ಕೊಡು ತಮ್ಮಾ’ ಎನ್ನುತ್ತಿದ್ದರು. ನಾನು ಕವರಿನ ಮೇಲೆ ದಪ್ಪಗೆ ‘ಭಾನುವಾರ ಮಾತ್ರ’ ಎಂದು ಬರೆದು ಕೊಡುತ್ತಿದ್ದೆ. ಅವರು ಅದನ್ನು ಮಗನ ಕೈಗೆ ಕೊಟ್ಟು, ನನ್ನೆದುರೇ ಒಮ್ಮೆ ಗಟ್ಟಿಯಾಗಿ ಓದಿಸಿ, ಆಮೇಲೆ ಚೀಲಕ್ಕೆ ಹಾಕಿಕೊಳ್ಳುತ್ತಿದ್ದರು.